ಗುಜರಿ ಯಾರ್ಡಲ್ಲಿ ಹಳೇ ಜಪಾನಿ ಕಾರು: ಚಾಸಿ ನಂಬರ್ ಮೊದಲು, ಎಂಜಿನ್ ಕೊನೆಗೆ

ಮಂಡ್ಯ, ಮೈಸೂರು ಸೀಮೆಯಲ್ಲಿ ಹಳೇ ಜಪಾನಿ ಕಾರು ಅಂದರೆ ಬಹುಪಾಲು ಮಾರುತಿಯೇ. ಹೆಸರು ಮಾರುತಿಯದು, ಒಳಗಿನ ಜೀವ ಸುಜುಕಿಯದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 1985ರ ಕೊನೆಗೆ ಬಂದ ಜಿಪ್ಸಿ, 1990ರ ಮಾರುತಿ 1000, 1993ರ ಝೆನ್, 1994ರ ಎಸ್ಟೀಮ್. ಇವುಗಳ ನಡುವೆ ಅಪರೂಪಕ್ಕೆ 1998ರ ಹೋಂಡಾ ಸಿಟಿ, ಅದೇ ವರ್ಷ ಬಂದ ಮಿತ್ಸುಬಿಷಿ ಲ್ಯಾನ್ಸರ್, ಇಲ್ಲೇ ಬಿಡದಿಯಲ್ಲಿ 2000ದಿಂದ 2005ರ ತನಕ ತಯಾರಾದ ಟೊಯೋಟಾ ಕ್ವಾಲಿಸ್ ಸಿಗುತ್ತವೆ.

ಹಳೇ ಗಾಡಿ ಎಬ್ಬಿಸಬೇಕು ಅಂತ ಯಾರ್ಡಿಗೆ ಹೋದವರು ಮೊದಲು ಬಾನೆಟ್ ಎತ್ತಿ ಎಂಜಿನ್ ನೋಡುತ್ತಾರೆ, ಆಮೇಲೆ ಬಾಡಿ, ಕಡೆಗೆ ಪೇಪರ್ ಕೇಳುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ. 800ರ ಎಂಜಿನ್ ಹಾಳಾಗಿದ್ದರೆ ಇನ್ನೊಂದು ಎಂಜಿನ್ ಎಲ್ಲಾದರೂ ಸಿಗುತ್ತದೆ. ಫ್ಲೋರ್ ತಿಂದುಹೋಗಿದ್ದರೆ ದುಡ್ಡು, ತಿಂಗಳು ಎರಡೂ ಹೋಗುತ್ತವೆ. ಪೇಪರ್ ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಅದು ರಸ್ತೆಗೆ ಬರುವುದಿಲ್ಲ, ಅಂಗಳದಲ್ಲಿ ನಿಲ್ಲುವ ಬೊಂಬೆ ಅಷ್ಟೇ.

ಎಲ್ಲಿ, ಯಾವಾಗ ಹುಡುಕಬೇಕು

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ದೂರದ ಗಾಡಿಗಳೆಲ್ಲ ಬೈಪಾಸ್ ಹಿಡಿದವು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಊರೊಳಗಿನ ಹಳೇ ರಸ್ತೆಯಲ್ಲಿ ಗ್ಯಾರೇಜು, ಗುಜರಿ ಅಂಗಡಿಗಳ ಹಿತ್ತಲು ನೋಡುತ್ತಾ ಈಗ ನಿಧಾನವಾಗಿ ಹೋಗಬಹುದು. ಆದರೆ ಮುಖ್ಯರಸ್ತೆಯ ಯಾರ್ಡಿನವರಿಗೆ ಜಿಪ್ಸಿ ಬೆಲೆ ಫೋನಿನಲ್ಲೇ ಗೊತ್ತು. ಒಳ್ಳೆ ಗಾಡಿ ಇರುವುದು ಅಲ್ಲಿಂದ ಒಳಗೆ, ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಟ್ರ್ಯಾಕ್ಟರ್ ಬಿಚ್ಚುವ ಸಣ್ಣ ಯಾರ್ಡುಗಳಲ್ಲಿ. ಎಷ್ಟೋ ಗಾಡಿ ಯಾರ್ಡಿಗೆ ಬಂದೇ ಇರುವುದಿಲ್ಲ. ಆಲೆಮನೆ ಹಿಂದೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಪಕ್ಕ, ಹುಲ್ಲಿನ ಮೆದೆಗೆ ಒರಗಿ ನಿಂತಿರುತ್ತದೆ. ಯಾರ ಮನೆಯಲ್ಲಿ ಏನು ನಿಂತಿದೆ ಅನ್ನುವುದು ಯಾರ್ಡಿನವರಿಗೆ ಗೊತ್ತಿರುತ್ತದೆ. ಹೋದ ತಕ್ಷಣ ‘ಜಿಪ್ಸಿ ಐತಾ’ ಅಂತ ಕೇಳಿದರೆ ರೇಟು ಅಲ್ಲೇ ಏರುತ್ತದೆ. ‘ಅಣ್ಣ, ಮಾರುತಿ ಡೋರ್ ಹ್ಯಾಂಡಲ್ ಬೇಕಿತ್ತು, ಒಳಗೆ ನೋಡ್ಬೋದಾ’ ಅಂತ ಶುರು ಮಾಡಿ. ಹ್ಯಾಂಡಲ್ ಹೇಗೂ ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಜನವರಿಯಿಂದ ಏಪ್ರಿಲ್ ಹುಡುಕಾಟಕ್ಕೆ ಒಳ್ಳೆ ಕಾಲ. ಹುಲ್ಲು ಒಣಗಿರುತ್ತದೆ, ಗಾಡಿಯ ಕೆಳಗೆ ಮಲಗಿ ನೋಡಬಹುದು. ಬೆಲೆ ಮಾತಾಡುವುದಕ್ಕೆ ಆಷಾಢ ವಾಸಿ, ಆ ತಿಂಗಳು ಗಾಡಿ ಕೊಳ್ಳುವವರು ಕಡಿಮೆ. ಆಯುಧಪೂಜೆಗೆ ಮುಂಚಿನ ಎರಡು ವಾರವನ್ನೂ ಬಿಡಬೇಡಿ. ಶೆಡ್ ಗುಡಿಸುವಾಗ ಮೂಲೆಯಲ್ಲಿ ನಿಂತ ಗಾಡಿ ಎಲ್ಲರ ಕಣ್ಣಿಗೆ ಚುಚ್ಚುತ್ತದೆ.

ನಂಬರ್ ಪ್ಲೇಟ್ ಓದುವುದನ್ನು ಕಲಿಯಿರಿ. ಕೆಎ-11 ಮಂಡ್ಯ, ಕೆಎ-54 ನಾಗಮಂಗಲ, ಕೆಎ-09 ಮತ್ತು ಕೆಎ-55 ಮೈಸೂರು, ಕೆಎ-45 ಹುಣಸೂರು. ಇವು ನಮ್ಮ ಹವೆಯಲ್ಲಿ ಓಡಿದ ಗಾಡಿಗಳು. ಕೆಎ-12 ಇದ್ದರೆ ಕೊಡಗು. ಎಸ್ಟೇಟಿನ ಕೆಸರು, ನಾಲ್ಕು ತಿಂಗಳ ಮಳೆ ಕುಡಿದ ಜಿಪ್ಸಿ ಅದು, ಚಾಸಿ ಒಳಗೆ ಮಣ್ಣು ಕೂತಿರುತ್ತದೆ ಅಂತಲೇ ಅಂದುಕೊಂಡು ನೋಡಿ. ಕೆಎ-19 ಮಂಗಳೂರು, ಕೆಎ-20 ಉಡುಪಿ. ಅಲ್ಲಿನ ಉಪ್ಪುಗಾಳಿ ತಿಂದ ಬಾಡಿಯ ಮೇಲೆ ಎಷ್ಟು ಚೆಂದದ ಬಣ್ಣ ಇದ್ದರೂ ನಂಬಬೇಡಿ. ನಮ್ಮ ಜಿಲ್ಲೆಯೊಳಗೂ ವ್ಯತ್ಯಾಸ ಇದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನ ಗದ್ದೆ ಪಕ್ಕ ಹತ್ತು ವರ್ಷ ನಿಂತ ಕಾರಿಗಿಂತ ನಾಗಮಂಗಲದ ಒಣಭೂಮಿಯಲ್ಲಿ ನಿಂತ ಕಾರಿನ ತಳ ಗಟ್ಟಿ. ಆದರೆ ಒಣಭೂಮಿಯ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಬೀಡಿಂಗ್ ರಬ್ಬರ್ ಚಕ್ಕುಲಿಯ ಹಾಗೆ ಮುರಿಯುತ್ತದೆ. ಎರಡರಲ್ಲಿ ಆಯ್ದುಕೊಳ್ಳಬೇಕಾದರೆ ಬಿರಿದ ಡ್ಯಾಶ್‌ಬೋರ್ಡೇ ಇರಲಿ.

ಎಷ್ಟು ವರ್ಷದಿಂದ ನಿಂತಿದೆ ಅಂತ ಕೇಳಿದರೆ ‘ಮೊನ್ನೆ ದಸರಾವರ್ಗೂ ಓಡ್ತಿತ್ತು’ ಅನ್ನುವ ಉತ್ತರ ಬರುತ್ತದೆ. ಟೈರ್ ನೋಡಿ. ಪಕ್ಕದ ಗೋಡೆಯ ಮೇಲೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2309 ಅಂದರೆ 2009ನೇ ಇಸವಿಯ 23ನೇ ವಾರ. ನಾಲ್ಕೂ ಟೈರಿನಲ್ಲಿ ತೀರಾ ಹೊಸದು ಯಾವುದೋ ಅದಾದ ಮೇಲೆ ಗಾಡಿಗೆ ಯಾರೂ ಹೆಚ್ಚು ಖರ್ಚು ಮಾಡಿಲ್ಲ. ಗಾಜಿನ ಮೇಲಿನ ಎಮಿಷನ್ ಸ್ಟಿಕ್ಕರ್, ಬ್ಯಾಟರಿ ಮೇಲೆ ಅಂಗಡಿಯವರು ಬರೆದ ತಾರೀಕು ಇದನ್ನೇ ಹೇಳುತ್ತವೆಯೇ ನೋಡಿ.

ಚಾಸಿ ನಂಬರ್ ಮತ್ತು ಪೇಪರ್

ಇಲ್ಲಿ ಅರ್ಧ ದಿನ ಹೋದರೂ ಪರವಾಗಿಲ್ಲ. ಮಾರುತಿ 800ರಲ್ಲಿ ಚಾಸಿ ನಂಬರ್ ಇರುವುದು ಬಾನೆಟ್ ಒಳಗೆ, ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ. ಜಿಪ್ಸಿಯಲ್ಲಿ ಮುಂದಿನ ಬಲಚಕ್ರದ ಹತ್ತಿರ ಚಾಸಿಯ ಮೇಲೆಯೇ ಹೊಡೆದಿರುತ್ತಾರೆ. ಅದರ ಮೇಲೆ ಒಂದು ಬೆರಳು ದಪ್ಪ ಗ್ರೀಸು, ಧೂಳು ಇರುತ್ತದೆ. ಸ್ಯಾಂಡ್ ಪೇಪರ್, ವೈರ್ ಬ್ರಷ್, ಗ್ರೈಂಡರ್ ಯಾವುದೂ ಬೇಡ. ನಂಬರ್ ಸುತ್ತ ಗೀರು ಕಂಡರೆ ಮುಂದೆ ಇನ್‌ಸ್ಪೆಕ್ಟರ್ ಮುಂದೆ ಉತ್ತರ ಹೇಳಬೇಕಾದವರು ನೀವೇ. ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆ ಹತ್ತು ನಿಮಿಷ ಒತ್ತಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ನಿಧಾನವಾಗಿ ಬಿಡಿಸಿ, ಒಣ ಬಟ್ಟೆಯಿಂದ ಒರೆಸಿ. ಆಮೇಲೆ ಮೆತ್ತನೆ ಪೆನ್ಸಿಲಿನ ಸೀಸವನ್ನು ನಂಬರಿನ ಮೇಲೆ ಅಡ್ಡಡ್ಡ ಉಜ್ಜಿ, ಅಗಲದ ಸೆಲ್ಲೋಟೇಪ್ ಅಂಟಿಸಿ ಉಗುರಿನಿಂದ ತೀಡಿ, ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಆರ್‌ಟಿಒ ಕೆಲಸಕ್ಕೂ ಇದೇ ಥರದ ಟ್ರೇಸ್ ಬೇಕಾಗುತ್ತದೆ, ಆದ್ದರಿಂದ ಎರಡು ಪ್ರತಿ ತೆಗೆಯಿರಿ.

ಹಾಳೆಯ ಮೇಲೆ ನಂಬರ್ ನೋಡುವುದಕ್ಕೂ ಲೋಹದ ಮೇಲೆ ನೋಡುವುದಕ್ಕೂ ವ್ಯತ್ಯಾಸ ಇದೆ. ಒಂದು ಅಂಕಿ ಮಾತ್ರ ಆಳ, ಸಾಲು ಸೊಟ್ಟ, ಒಂದು ಅಕ್ಷರದ ಕೆಳಗೆ ಹಳೇ ಅಕ್ಷರದ ನೆರಳು, ಇವೆಲ್ಲ ಹಾಳೆಯಲ್ಲಿ ಎದ್ದು ಕಾಣುತ್ತವೆ. ನಂಬರ್ ಇರುವ ತುಂಡಿನ ಸುತ್ತ ವೆಲ್ಡಿಂಗ್ ಗೆರೆ ಇದ್ದರೆ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ, ಚಹಾ ಕುಡಿದು ಗಾಡಿ ಬಿಟ್ಟು ವಾಪಸ್ ಬನ್ನಿ. 17 ಅಕ್ಷರದ ನಂಬರ್ ಇರುವ ಮಾರುತಿಗಳಲ್ಲಿ ಮೊದಲ ಮೂರು ಎಂಎ3. ತೀರಾ ಹಳೇ ಗಾಡಿಗಳ ನಂಬರ್ ಚಿಕ್ಕದಿರುತ್ತದೆ, ಅದು ದೋಷವಲ್ಲ. ಎಂಜಿನ್ ನಂಬರನ್ನೂ ಹೀಗೇ ತೆಗೆಯಿರಿ. 800ರದ್ದಾದರೆ ಬಹುಪಾಲು ಎಫ್8ಬಿ ಅಂತ ಶುರುವಾಗುತ್ತದೆ. ಆರ್‌ಸಿಯಲ್ಲಿ ಬೇರೆ ಎಂಜಿನ್ ನಂಬರ್ ಇದ್ದರೆ ಯಾರೋ ಎಂಜಿನ್ ಬದಲಿಸಿ ಆರ್‌ಟಿಒಗೆ ತಿಳಿಸಿಲ್ಲ ಅಂತ ಅರ್ಥ. ಆ ಎಂಜಿನ್ನಿನ ಬಿಲ್ ಇಲ್ಲದೆ ಅದನ್ನು ಸರಿಪಡಿಸುವುದು ತಲೆನೋವು.

ಟ್ರೇಸ್ ಕೈಗೆ ಬಂದ ಮೇಲೆ ಎಂ-ಪರಿವಾಹನ್ ಆಪ್ ಅಥವಾ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ. ನೋಂದಣಿ ಎಲ್ಲಿವರೆಗೆ ಇದೆ, ಬ್ಯಾಂಕ್ ಸಾಲದ ನಮೂದು ಇದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಅಂತ ಗೊತ್ತಾಗುತ್ತದೆ. ಕೆಎ ಸರಣಿ ಬರುವ ಮುಂಚಿನ ನಂಬರುಗಳು, ತೊಂಬತ್ತರ ದಶಕದ ಕೆಲವು ನಂಬರುಗಳು ಅಲ್ಲಿ ಕಾಣದೇ ಇರಬಹುದು. ಕಾಣದಿದ್ದರೆ ಗಾಡಿ ಕಳ್ಳಮಾಲು ಅಂತಲ್ಲ, ಹಳೇ ಪುಸ್ತಕದಿಂದ ಕಂಪ್ಯೂಟರಿಗೆ ಏರಿಲ್ಲ ಅಂತ. ಮೂಲ ಆರ್‌ಸಿ ಪುಸ್ತಕ ಕೈಯಲ್ಲಿದ್ದರೆ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಇದು ಆಗುತ್ತದೆಯೇ ಅಂತ ಗಾಡಿ ಕೊಳ್ಳುವ ಮುಂಚೆ ಕೇಳಿ, ಕೊಂಡ ಮೇಲೆ ಅಲ್ಲ.

ಯಾರ್ಡಿನವರ ಪ್ರಸಿದ್ಧ ಮಾತು ಒಂದಿದೆ: ‘ಪೇಪರ್ ಎಲ್ಲಾ ಐತೆ, ಮನೇಲೈತೆ, ನಾಳೆ ತಂದ್ಕೊಡ್ತೀನಿ.’ ಪೇಪರ್ ನಾಳೆ ಅಂದರೆ ದುಡ್ಡೂ ನಾಳೆ. ಗಾಡಿಯ ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊರತು ಯಾರ್ಡಿನವರಲ್ಲ. ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಆ ಮಾಲೀಕರ ಸಹಿ ಬೇಕು. ಹತ್ತು ವರ್ಷದ ಹಿಂದೆ ಸಹಿ ಹಾಕಿಟ್ಟ ಖಾಲಿ ಫಾರಂ ತೋರಿಸಿದರೆ ಅದನ್ನು ನೆಚ್ಚಬೇಡಿ, ಮಾಲೀಕರ ಮನೆಗೇ ಹೋಗಿ ಬನ್ನಿ. ಆರ್‌ಸಿಯಲ್ಲಿ ಎಚ್.ಪಿ. ಅಂತ ಬ್ಯಾಂಕಿನ ನಮೂದು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಸಾಲ ಎಂದೋ ತೀರಿರುತ್ತದೆ, ಸಾಲ ಕೊಟ್ಟ ಫೈನಾನ್ಸ್ ಕಂಪನಿಯೇ ಈಗ ಇರುವುದಿಲ್ಲ. ಇಂಥ ಗಾಡಿಯನ್ನು ಬಿಡಿಭಾಗದ ಬೆಲೆಗೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಮಾಲೀಕರು ತೀರಿಕೊಂಡಿರುವುದು ಹಳ್ಳಿಯಲ್ಲಿ ಸಾಮಾನ್ಯ. ಆಗ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು: ಫಾರಂ 31, ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಇಬ್ಬರು ಅಣ್ಣತಮ್ಮಂದಿರಿಗೆ ಜಮೀನಿನ ತಕರಾರಿದ್ದರೆ ಅದು ಕಾರಿಗೂ ಅಂಟಿಕೊಳ್ಳುತ್ತದೆ. ಎಲ್ಲರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿ ಮುಗಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ.

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಅದಾದ ಮೇಲೆ ಫಾರಂ 25 ಹಾಕಿ, ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಮತ್ತೆ ಏರಿಸಿದ್ದಾರೆ. ಎಲ್ಲರೂ ಮರೆಯುವುದು ತಡವಾದದ್ದಕ್ಕೆ ಬೀಳುವ ತಿಂಗಳಿಗೆ 500 ರೂಪಾಯಿಯನ್ನು. ನೋಂದಣಿ ಮುಗಿದು ಎಷ್ಟೋ ವರ್ಷ ನಿಂತ ಕಾರಿಗೆ ಇದೇ ದೊಡ್ಡ ಖರ್ಚಾಗಬಹುದು. ನಿಮ್ಮ ಗಾಡಿಗೆ ಎಷ್ಟು ತಿಂಗಳ ಲೆಕ್ಕ ಅಂತ ಕಚೇರಿಯಲ್ಲೇ ಕೇಳಿ, ಆ ಮೊತ್ತವನ್ನು ಗಾಡಿಯ ಬೆಲೆಗೆ ಕೂಡಿಸಿ ನೋಡಿ.

ಪೇಪರ್ ಇದ್ದರೂ ಎದ್ದೇಳದ ಗಾಡಿಗಳಿವೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದ ಗಾಡಿಯ ನೋಂದಣಿ ರದ್ದಾಗಿರುತ್ತದೆ, ಅದು ಮತ್ತೆ ರಸ್ತೆಗೆ ಬರುವುದಿಲ್ಲ. ಸರ್ಕಾರಿ ಗಾಡಿಗಳದ್ದೂ ಅದೇ ಕಥೆ: 2023ರ ಏಪ್ರಿಲಿನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ಇಲ್ಲ. ಪೊಲೀಸ್, ಅರಣ್ಯ ಇಲಾಖೆಯ ಹಳೇ ಜಿಪ್ಸಿ ಹರಾಜಿನಲ್ಲಿ ಸಿಗುತ್ತದೆ ಅಂತ ಕಾಯುವ ಕಾಲ ಮುಗಿಯಿತು. ಮುಂಚೆಯೇ ಹರಾಜಾಗಿ ಯಾರದ್ದೋ ಹಿತ್ತಲಲ್ಲಿ ನಿಂತಿರುವುದಾದರೆ ಹರಾಜಿನ ಆದೇಶ ಪತ್ರ ಕೇಳಿ. ಸಾರ್ವಜನಿಕ ಹರಾಜಿನ ವರ್ಗಾವಣೆಗೆ ಫಾರಂ 32 ಬೇರೆಯೇ ಇದೆ. ಪತ್ರದಲ್ಲಿ ‘ಗುಜರಿಯಾಗಿ’ ಅಂತ ಬರೆದಿದ್ದರೆ ಅದು ಗುಜರಿಯೇ. ವಿಂಟೇಜ್ ಅಂತ ಮಾಡಿಸಿಕೊಡ್ತೀವಿ ಅನ್ನುವ ಏಜೆಂಟರೂ ಸಿಗುತ್ತಾರೆ; 2021ರ ನಿಯಮದಲ್ಲಿ ವಿಂಟೇಜ್ ಅಂದರೆ 50 ವರ್ಷ ದಾಟಿರಬೇಕು, ಮೊದಲ 800ಕ್ಕೇ ಇನ್ನೂ ಅಷ್ಟಾಗಿಲ್ಲ.

ತುಕ್ಕು

ಬಾನೆಟ್, ಡೋರ್ ತೆಗೆಯುವ ಮುಂಚೆ ಕೋಲಿನಿಂದ ನಾಲ್ಕು ಕಡೆ ಬಡಿಯಿರಿ. ಹುಲ್ಲಿನ ಮೆದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಡ್ಯಾಶ್‌ಬೋರ್ಡ್ ಕೆಳಗೆ ಕಣಜದ ಗೂಡು, ಸೀಟಿನ ಕೆಳಗೆ ಚೇಳು ಇರುವುದು ಮಾಮೂಲು. ಷೂ, ದಪ್ಪ ಕೈಗವಸು ಇಲ್ಲದೆ ಕೈ ಹಾಕಬೇಡಿ.

ಜೇಬಲ್ಲಿ ಫ್ರಿಜ್ ಬಾಗಿಲಿಗೆ ಅಂಟಿಸುವಂಥ ಬಡಕಲು ಅಯಸ್ಕಾಂತ ಇರಲಿ. ಸ್ಪೀಕರಿನ ದೊಡ್ಡ ಅಯಸ್ಕಾಂತ, ತಗ್ಗು ತೂತು ಮುಚ್ಚಲು ಮೆತ್ತಿದ ಪುಟ್ಟಿಯ ಮೇಲೂ ಎಳೆದುಬಿಡುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬಡಕಲು ಅಯಸ್ಕಾಂತ ತಗಡಿನ ಮೇಲೆ ನಿಲ್ಲುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳುತ್ತದೆ. ಹಿಂದಿನ ಚಕ್ರದ ಕಮಾನು, ಡೋರಿನ ಕೆಳಗಿನ ನಾಲ್ಕು ಬೆರಳು, ರನ್ನಿಂಗ್ ಬೋರ್ಡ್ (ಡೋರಿನ ಕೆಳಗೆ ಉದ್ದಕ್ಕೂ ಇರುವ ಬಾಡಿಯ ಅಂಚು) ಉದ್ದಕ್ಕೂ ಓಡಿಸಿ. ಎಲ್ಲಿ ಜಾರಿತೋ ಅಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಗುರುತುಗಳು ಒಂದೇ ಪಕ್ಕಕ್ಕೆ ಸೇರಿದ್ದರೆ ಅದು ತುಕ್ಕಿನದ್ದಲ್ಲ, ಆಕ್ಸಿಡೆಂಟಿನ ಟಿಂಕರಿಂಗ್. ಆ ಪಕ್ಕದ ಗಾಜಿನ ಮೂಲೆಯ ಕಂಪನಿ ಗುರುತು ಉಳಿದ ಗಾಜುಗಳಿಗಿಂತ ಬೇರೆ ಇದ್ದರೆ ಇನ್ನು ಅನುಮಾನ ಬೇಡ.

800, ಝೆನ್, ಎಸ್ಟೀಮ್‌ಗಳಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆದ್ದರಿಂದ ಮುಖ್ಯ ಜಾಗಗಳು ಕಣ್ಣಿಗೆ ಕಾಣದವು. ಬ್ಯಾಟರಿ ತಟ್ಟೆ ಎತ್ತಿ ಕೆಳಗೆ ನೋಡಿ, ಆ್ಯಸಿಡ್ ಸುರಿದು ತಗಡು ಕರಗಿರುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ ಬಂದು ಕೂರುವ ಗೋಪುರದ ಸುತ್ತ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಟಣ್ ಅನ್ನಬೇಕು, ಬಿಸ್ಕತ್ತಿನಂತೆ ಉದುರಬಾರದು. ಡ್ರೈವರ್ ಕಡೆಯ ಮ್ಯಾಟ್ ಕಿತ್ತು, ಕೆಳಗಿನ ಕರಿ ಹಾಳೆ ಏಳಿಸಿ ಫ್ಲೋರ್ ಒತ್ತಿ ನೋಡಿ. ಇಲ್ಲಿ ನೀರು ಬರುವುದು ಕೆಳಗಿನಿಂದಲ್ಲ. ಮುಂದಿನ ಗಾಜಿನ ರಬ್ಬರ್ ಒಣಗಿ, ವೈಪರ್ ಕೆಳಗಿನ ಗೂಡಿನಲ್ಲಿ ಎಲೆ ಕೊಳೆತು ತೂತು ಮುಚ್ಚಿಕೊಂಡು, ಆ ನೀರು ಡ್ಯಾಶ್‌ಬೋರ್ಡ್ ಹಿಂದೆ ಇಳಿದು ಮ್ಯಾಟ್ ಕೆಳಗೆ ನಿಂತಿರುತ್ತದೆ. ಮೇಲಿನಿಂದ ಎಲ್ಲ ಸರಿಯಾಗಿ ಕಾಣುತ್ತಿರುತ್ತದೆ.

ಫ್ಲೋರ್ ತೂತಾಗಿದೆ ಅಂದ ಮಾತ್ರಕ್ಕೆ ಬಿಡಬೇಕಿಲ್ಲ. ಚಪ್ಪಟೆ ಜಾಗದ ತೂತಿಗೆ 20 ಗೇಜ್ ಶೀಟ್ ಕತ್ತರಿಸಿ ಸಿಒ2 ವೆಲ್ಡಿಂಗ್ ಮಾಡಿದರೆ ಮುಗಿಯಿತು. ಗ್ಯಾಸ್ ವೆಲ್ಡಿಂಗ್ ಬೇಡ, ತೆಳು ತಗಡು ಬಿಸಿಗೆ ಅಲೆಯಂತೆ ಬಾಗುತ್ತದೆ. ಗಾಡಿ ಬಿಡಬೇಕಾದ್ದು ಯಾವಾಗ ಅಂದರೆ, ಎರಡೂ ರನ್ನಿಂಗ್ ಬೋರ್ಡ್ ಒಳಗಿನಿಂದ ಹೋಗಿದ್ದಾಗ, ಅಥವಾ ಹಿಂದಿನ ಸಸ್ಪೆನ್ಷನ್ ಬಾಡಿಗೆ ಕೂರುವ ಜಾಗ ಹರಿದಿದ್ದಾಗ. ಪರೀಕ್ಷೆ ಸುಲಭ. ಮುಂದಿನ ಎರಡೂ ಡೋರ್ ತೆಗೆದು, ಮತ್ತೆ ಮುಚ್ಚಿ. ಲಾಕ್ ಕೂರದೆ ಡೋರ್ ಎತ್ತಿ ಒತ್ತಬೇಕಾಗಿದ್ದು, ಹಿಂಜ್ ಸಡಿಲ ಇಲ್ಲ ಅಂದರೆ, ಬಾಡಿ ನಡುವೆ ಕುಗ್ಗಿದೆ.

ಜಿಪ್ಸಿಯ ಲೆಕ್ಕ ಬೇರೆ. ಅದಕ್ಕೆ ಏಣಿಯಂಥ ಚಾಸಿ ಇದೆ, ಬಾಡಿ ಪೂರ್ತಿ ಹೋಗಿದ್ದರೂ ಬದುಕಿಸಬಹುದು. ನೋಡಬೇಕಾದ್ದು ಚಾಸಿಯ ಹಿಂಭಾಗ, ಕಟ್ಟೆಸ್ಪ್ರಿಂಗನ್ನು (ಲೀಫ್ ಸ್ಪ್ರಿಂಗ್) ಚಾಸಿಗೆ ಸೇರಿಸುವ ಶ್ಯಾಕಲ್ ಕೂರುವ ಕಡೆ. ಪೆಟ್ಟಿಗೆಯಂಥ ಚಾಸಿಯ ಒಳಗೆ ಹೋದ ಕೆಸರು ಹೊರಬರುವುದಿಲ್ಲ, ಒಳಗಿನಿಂದ ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಹಿಂದಕ್ಕೆ ಗೇಣಿಗೊಂದು ಏಟು ಹಾಕುತ್ತಾ ಬನ್ನಿ. ಗಂಟೆಯಂತೆ ಬರುತ್ತಿದ್ದ ಸದ್ದು ಒಂದು ಕಡೆ ಮಡಕೆಯಂತೆ ಮಂದವಾದರೆ ಅಲ್ಲಿ ಮಣ್ಣು ತುಂಬಿದೆ ಅಥವಾ ಲೋಹ ತೆಳುವಾಗಿದೆ. ಚಾಸಿ ನಂಬರ್ ಇರುವ ಕಡೆಯೇ ತಿಂದಿದ್ದರೆ ಗಾಡಿ ಮುಟ್ಟಬೇಡಿ, ಅಲ್ಲಿ ವೆಲ್ಡಿಂಗ್ ಹಚ್ಚುವ ಹಾಗಿಲ್ಲ.

ಎಂಜಿನ್ ಜಾಮ್ ಆಗಿದೆಯೇ

800ಕ್ಕೆ 796 ಸಿ.ಸಿ., ಮೂರು ಸಿಲಿಂಡರ್. ಹಳೇ ಜಿಪ್ಸಿಗೆ 970 ಸಿ.ಸಿ., 1996ರ ನಂತರದ್ದಕ್ಕೆ 1298. ಬ್ಯಾಟರಿ ಕೊಟ್ಟು ಸ್ಟಾರ್ಟರ್ ಒತ್ತುವ ಆಸೆ ತಡೆಯಿರಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಸಿಲಿಂಡರಿಗೆ ಅಂಟಿರುತ್ತದೆ. ಸ್ಟಾರ್ಟರ್ ಒದ್ದರೆ ರಿಂಗ್ ಮುರಿಯುತ್ತದೆ, ಟೈಮಿಂಗ್ ಬೆಲ್ಟಿನ ಹಲ್ಲು ಕಿತ್ತು ಬರುತ್ತದೆ.

ಮೊದಲು ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಪ್ಪಗಿದ್ದರೆ ಸರಿ. ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲವೇ ಬಿರುಕು ಬಿಟ್ಟಿದೆ. ರೇಡಿಯೇಟರಿನಲ್ಲಿ ಕೂಲಂಟ್ ಬದಲು ಬೋರ್‌ವೆಲ್ ನೀರೇ ಓಡಿದ್ದರೆ ಬ್ಲಾಕಿನ ಪಕ್ಕದ ದುಂಡು ವೆಲ್ಷ್ ಪ್ಲಗ್‌ಗಳು ತುಕ್ಕು ಹಿಡಿದು ಜಿನುಗಿರುತ್ತವೆ. ಅವು ಅಗ್ಗದ ವಸ್ತು, ಆದರೆ ಗೇರ್‌ಬಾಕ್ಸ್ ಕಡೆಯದ್ದನ್ನು ಬದಲಿಸಲು ಎಂಜಿನ್ ಇಳಿಸಬೇಕಾಗಬಹುದು.

21 ಎಂ.ಎಂ. ಪ್ಲಗ್ ಸಾಕೆಟ್‌ನಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ. ಬಿಚ್ಚುವ ಮುಂಚೆ ಅದರ ಗುಂಡಿಯಲ್ಲಿರುವ ಮಣ್ಣನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರಿಗೆ. ಅರ್ಧ ಡೀಸೆಲ್, ಅರ್ಧ ಎಂಜಿನ್ ಆಯಿಲ್ ಬೆರೆಸಿ ಪ್ರತಿ ಸಿಲಿಂಡರಿಗೆ ಒಂದು ಊಟದ ಚಮಚ, ಅಂದರೆ 10–15 ಎಂ.ಎಲ್. ಸುರಿಯಿರಿ. ಅವಕಾಶ ಇದ್ದರೆ ಒಂದು ರಾತ್ರಿ ಬಿಡಿ. ಮಾರನೇ ದಿನ ಪ್ಲಗ್ ಇಲ್ಲದೆಯೇ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಿಂದ ಎಂಜಿನ್ ತಿರುಗುವ ದಿಕ್ಕಿಗೇ ಎಳೆಯಿರಿ. ಪುಲ್ಲಿಗೆ ಕೈ ಹೋಗದಿದ್ದರೆ ಟಾಪ್ ಗೇರ್ ಹಾಕಿ ಇಬ್ಬರು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಒಂದಿಂಚು ಅಲುಗಿದರೂ ಸಾಕು, ಅದು ಬಿಡುತ್ತದೆ. ಉದ್ದ ಪೈಪ್ ಹಾಕಿ ಎಳೆದರೆ ಬೋಲ್ಟ್ ಮುರಿದು ಅಲ್ಲೇ ಉಳಿಯುತ್ತದೆ. ಎರಡು ಸುತ್ತು ಸರಾಗ ತಿರುಗಿದ ಮೇಲೆ ಮಾತ್ರ ಬ್ಯಾಟರಿ ಹಚ್ಚಿ, ಪ್ಲಗ್ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಗೇಜಿನ ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ, ಅದು ಚದರ ಸೆಂ.ಮೀ.ಗೆ 1 ಕೆ.ಜಿ. ದಾಟಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಇಷ್ಟೆಲ್ಲ ಮಾಡಿ ಎಂಜಿನ್ ಹೋಗಿದೆ ಅಂತ ತಿಳಿದರೂ ಗಾಡಿ ಬಿಡಬೇಡಿ, ಬೆಲೆ ಇಳಿಸಿ. ಮಾರುತಿಯ ಆಮ್ನಿ ವ್ಯಾನಿನಲ್ಲೂ ಎಫ್8ಬಿ ಎಂಜಿನ್ನೇ. ಆದರೆ ಅಲ್ಲಿ ಅದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಒಳಗಿನ ಭಾಗಗಳಿಗೆ ಆಮ್ನಿ ಎಂಜಿನ್ ಉಪಯೋಗಕ್ಕೆ ಬರುತ್ತದೆ, ಗೇರ್‌ಬಾಕ್ಸ್, ಮೌಂಟಿಂಗ್ ಹೊಂದುವುದಿಲ್ಲ. ಹೋಂಡಾ ಸಿಟಿ, ಲ್ಯಾನ್ಸರ್ ವಿಷಯದಲ್ಲಿ ಮಾತ್ರ ಈ ಧೈರ್ಯ ಬೇಡ. ಅವುಗಳ ಎಂಜಿನ್ ತಿರುಗದಿದ್ದರೆ ಇಡೀ ಎರಡನೇ ಕಾರು ಸಿಗುವ ತನಕ ಕಾಯಬೇಕು, ಲ್ಯಾನ್ಸರ್ ಆದರೆ ತುಂಬಾ ಕಾಯಬೇಕು.

ಬೆಲೆ, ಮತ್ತು ಅದರ ಜೊತೆ ಏನೇನು ಕೇಳಬೇಕು

ಯಾರ್ಡಿನವರು ಮನಸ್ಸಿನಲ್ಲಿ ಮಾಡುವ ಲೆಕ್ಕವನ್ನು ನೀವೂ ಮಾಡಿ. 800ರ ತೂಕ ಸುಮಾರು 650 ಕೆ.ಜಿ. ಆ ದಿನ ಕಬ್ಬಿಣ ಕೆ.ಜಿ.ಗೆ 30 ರೂಪಾಯಿ ಅಂದುಕೊಂಡರೆ 19,500. ಗಾಜು, ಸೀಟು, ಪ್ಲಾಸ್ಟಿಕ್ ತೂಕ ಕಳೆದರೆ ಇನ್ನೂ ಕಡಿಮೆ. ಕತ್ತರಿಸಿದರೆ ಅವರಿಗೆ ಸಿಗುವುದು ಅಷ್ಟೇ, ಅದೂ ಗ್ಯಾಸ್ ಕಟರ್ ಕೂಲಿ ಕಳೆದು. ನೀವು ಕೊಡುವ ಹೆಚ್ಚಿನ ದುಡ್ಡು ಪೇಪರಿಗೆ ಮತ್ತು ತುಕ್ಕಿಲ್ಲದ ಬಾಡಿಗೆ. ಇವೆರಡೂ ಇಲ್ಲದ ಗಾಡಿಗೆ ‘ರನ್ನಿಂಗ್ ಎಂಜಿನ್ ಐತೆ ಸಾರ್’ ಅಂತ ಎರಡರಷ್ಟು ಕೇಳಿದರೆ ನಕ್ಕು ಮುಂದೆ ಹೋಗಿ.

ಚೌಕಾಶಿ ಕೊನೆಗೆ ಬಂದಾಗ ಐನೂರು ಇಳಿಸುವುದಕ್ಕಿಂತ ಪಕ್ಕದಲ್ಲಿ ಸತ್ತು ಬಿದ್ದ ಇನ್ನೊಂದು ಗಾಡಿಯಿಂದ ಸಾಮಾನು ಕೇಳಿ. ಗಾಜು, ಗಾಜು ಏರಿಸುವ ವೈಂಡರ್, ಹಿಂದಿನ ಲೈಟು, ಗ್ರಿಲ್, ಮೀಟರ್, ಹೀಟರ್ ಲಿವರ್ ಗುಂಡಿ, ಡಿಕ್ಕಿಯ ಬೀಗ. ಎಂಜಿನ್ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ ತರಬಹುದು, ಈ ಚಿಲ್ಲರೆಗಳು ಸಿಗುವುದಿಲ್ಲ. 1983–86ರ ಮೊದಲ 800 ಆದರಂತೂ ಹೊರಗಿನ ಒಂದು ಸ್ಕ್ರೂ ಬಿಡದೆ ತನ್ನಿ. ಆಮೇಲಿನ ಬಾಡಿಯೇ ಬೇರೆ, ಅದರ ಡೋರು, ಗಾಜು, ಲೈಟು ಯಾವುದೂ ಇದಕ್ಕೆ ಕೂರುವುದಿಲ್ಲ.

ದುಡ್ಡು ಕೊಡುವಾಗ ರಸೀದಿಯಲ್ಲಿ ಗಾಡಿ ನಂಬರ್ ಜೊತೆ ಚಾಸಿ ನಂಬರ್, ತಾರೀಕು, ಮೊತ್ತ ಬರೆಸಿ, ಮಾರಿದವರ ಗುರುತಿನ ಚೀಟಿಯ ಪ್ರತಿಯ ಮೇಲೆ ಸಹಿ ಹಾಕಿಸಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ತೋರಿಸಲು ಬೇಕಾದ್ದು ಅದೇ.

ಸಾಗಿಸುವುದು

ಯಾರ್ಡಿನಲ್ಲಿ ಕಾರು ಎತ್ತುವುದು ಜೆಸಿಬಿ ಬಕೆಟಿನಿಂದ. ಒಂದೇ ಸಲಕ್ಕೆ ಚಾವಣಿ ಅಥವಾ ರನ್ನಿಂಗ್ ಬೋರ್ಡ್ ಅಪ್ಪಚ್ಚಿ. ‘ಜೆಸಿಬಿ ಮುಟ್ಟಿಸ್ಬೇಡಿ ಅಣ್ಣ, ತಳ್ಕೊಂಡೇ ತಗೀತೀವಿ’ ಅಂತ ಮಾತಾಡಿಕೊಂಡ ಮೇಲೆಯೇ ಅಡ್ವಾನ್ಸ್. ತಳ್ಳಲು ಗಾಳಿ ಇರುವ ಚಕ್ರ ಬೇಕು. 800ಕ್ಕೆ 12 ಇಂಚಿನ, ಟೈರ್ ಸಮೇತ ನಾಲ್ಕು ಹಳೇ ರಿಮ್ ಜೊತೆಗೆ ಒಯ್ಯಿರಿ. 800ರ ಉದ್ದ 3,335 ಎಂ.ಎಂ., ಹತ್ತು ಅಡಿ ತೊಟ್ಟಿಯ ಟಾಟಾ 407ರಲ್ಲಿ ಸುಮಾರು ಒಂದಡಿ ಹೊರಗೆ ಚಾಚುತ್ತದೆ. 4,010 ಎಂ.ಎಂ. ಜಿಪ್ಸಿಗೆ 14 ಅಡಿ ಲಾರಿ ಬೇಕು. ಫ್ಲಾಟ್‌ಬೆಡ್ ಸಿಕ್ಕರೆ ಎರಡಕ್ಕೂ ಅದೇ ಸರಿ. ಬೆಲ್ಟನ್ನು ಚಕ್ರದ ಸುತ್ತ ಕಟ್ಟಿಸಿ, ಬಂಪರಿಗೆ ಬೇಡ. ಹಗ್ಗ ಕಟ್ಟಿ ಟ್ರ್ಯಾಕ್ಟರ್ ಹಿಂದೆ ಎಳೆದು ತರುವ ಯೋಚನೆಯನ್ನಂತೂ ಬಿಡಿ, ಬ್ರೇಕ್ ಇಲ್ಲದ ಗಾಡಿ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ಗುದ್ದುತ್ತದೆ.

ಹಿಂದಿನ ಚಕ್ರ ತಿರುಗದೆ ಗಾಡಿ ಅಲುಗದಿದ್ದರೆ ಹ್ಯಾಂಡ್‌ಬ್ರೇಕ್ ಎಳೆದೇ ನಿಲ್ಲಿಸಿದ್ದಾರೆ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿದೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲ ಮಾಡಿ, ಚಕ್ರ ಬಿಚ್ಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಮರದ ಕೊಡತಿಯಿಂದ ಬಡಿಯಿರಿ. ಆಗಲೂ ಬರದಿದ್ದರೆ ಡ್ರಮ್ಮಿನ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ಖಾಲಿ ತೂತು ಹುಡುಕಿ. ಅದರಲ್ಲಿ 8 ಎಂ.ಎಂ. ಬೋಲ್ಟ್ ಎರಡನ್ನೂ ಸಮಸಮವಾಗಿ, ಅರ್ಧರ್ಧ ಸುತ್ತು ಬಿಗಿಸುತ್ತಾ ಹೋದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಒಂದೇ ಬೋಲ್ಟ್ ಬಿಗಿಸಿದರೆ ಡ್ರಮ್ ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ.

ಮನೆಗೆ ಬಂದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ. ಹಳೇ ಪೆಟ್ರೋಲ್ ಅಂಟಾಗಿ, ವಾರ್ನಿಷ್ ವಾಸನೆ ಹೊಡೆಯುತ್ತಿರುತ್ತದೆ. ಒಂದು ಚಮಚ ಕಾರ್ಬ್ಯುರೇಟರಿಗೆ ಹೋದರೂ ಜೆಟ್ ಮುಚ್ಚಿತು. ಖಾಲಿ ಟ್ಯಾಂಕಿಗೆ ಒಂದು ಹಿಡಿ ನಟ್ಟು, ಸ್ವಲ್ಪ ಡೀಸೆಲ್ ಹಾಕಿ ಕುಲುಕಿ ತುಕ್ಕು ಉದುರಿಸಿ. ನಟ್ಟನ್ನು ಎಣಿಸಿಯೇ ಹಾಕಿ, ಎಣಿಸಿಯೇ ತೆಗೆಯಿರಿ. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ನೀವು ಕೈ ಹಾಕಬೇಡಿ, ಖಾಲಿ ಟ್ಯಾಂಕಿನ ಹಬೆಯೇ ಸಿಡಿಯುವುದು. ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು 20 ಭಾಗ ಎಥನಾಲ್ ಬೆರೆತ ಪೆಟ್ರೋಲ್, ಎಂಬತ್ತರ ದಶಕದ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿಸಿ ಎಂಜಿನ್ ಮೇಲೆ ಜಿನುಗುತ್ತದೆ. ಟೈಮಿಂಗ್ ಬೆಲ್ಟ್, ಪ್ಲಗ್ ಹೊಸವು ಬೇಕು; ಹೊಸ ಆಯಿಲ್ ಸುಮಾರು 3 ಲೀಟರ್, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆ ತನಕ ಹಾಕಿ. ಮೊದಲ ಸಲ ಪ್ಲಗ್ ಹಾಕದೆ, ಇಗ್ನಿಷನ್ ಕಾಯಿಲಿನ ವೈರ್ ಕಿತ್ತಿಟ್ಟು, ಆಯಿಲ್ ಲೈಟ್ ಆರುವ ತನಕ ಹತ್ತತ್ತು ಸೆಕೆಂಡಿನಂತೆ ಕ್ರ್ಯಾಂಕ್ ಮಾಡಿ. ಲೈಟ್ ಆರಿದ ಮೇಲೆ ಪ್ಲಗ್ ಹಾಕಿ. ಟ್ಯಾಂಕ್ ಇನ್ನೂ ಒಣಗುತ್ತಿದ್ದರೆ ಪಂಪಿನ ಪೈಪನ್ನು ಅರ್ಧ ಲೀಟರ್ ಹೊಸ ಪೆಟ್ರೋಲ್ ಇರುವ ಕ್ಯಾನಿಗೆ ಇಳಿಬಿಡಿ. ಕ್ಯಾನು ಎಂಜಿನ್ನಿನಿಂದ ದೂರ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.